ಟೆಂಟಿನ ಪಟ್ಟಿಯಲ್ಲಿ ಇಲ್ಲದ ಹೆಸರು

ಎಳೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಟೆಂಟಿನಲ್ಲಿ ರಾತ್ರಿ ಕಳೆಯಬೇಕೇ ಬೇಡವೇ ಎಂಬ ವಿಷಯಕ್ಕೆ ಮನಸ್ತಾಪ ಮಾಡಿಕೊಂಡು ಆಪ್ತಸಲಹೆಗೆಂದು ನನ್ನ ಬಳಿ ಬರುವ ದಂಪತಿಗಳು ಈಚೆಗೆ ಹೆಚ್ಚಾಗಿದ್ದಾರೆ. ಅಂಥ ಒಂದು ಪ್ರಕರಣವನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನ ದಂಪತಿ, ಮೂರು ವರ್ಷದ ಮಗಳು, ಎಂಟು ತಿಂಗಳ ಕೂಸು. ಮದುವೆಯಾದ ಹೊಸತರಲ್ಲಿ ಇಬ್ಬರೂ ಜೊತೆಯಾಗಿ ಬೆಟ್ಟ ಹತ್ತಿದವರೇ. ಜನವರಿಯಲ್ಲಿ ಶಿವಮೊಗ್ಗದ ಕಡೆ ಕಾಡಂಚಿನ ತೋಟವೊಂದರಲ್ಲಿ ಎರಡು ರಾತ್ರಿ ಇರಲು ಪತಿ ಮುಂಗಡ ಕೊಟ್ಟಿದ್ದರು. ಪತ್ನಿ ಒಲ್ಲೆ ಎಂದರು. ಕೂಸಿಗೆ ಗಾಳಿ ಸೋಕುತ್ತದೆ ಎಂದು ಅತ್ತೆ ಸೊಸೆಯ ಪರ ನಿಂತದ್ದರಿಂದ ಜಗಳ ಇನ್ನಷ್ಟು ಗೋಜಲಾಯಿತು, ಏಕೆಂದರೆ ಸೊಸೆಗೆ ಆ ಕಾರಣದಲ್ಲಿ ನಂಬಿಕೆ ಇರಲಿಲ್ಲ. ತನ್ನ ಕಾರಣವನ್ನು ಹೇಳಲು ಅವರಿಗೆ ಬಾಯಿಯೂ ಬಂದಿರಲಿಲ್ಲ.

ಎರಡನೆಯ ಭೇಟಿಯಲ್ಲಿ ಪತಿ ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದ ಪಟ್ಟಿಯನ್ನು ನನಗೆ ಓದಿ ಹೇಳಿದರು: ಸೊಳ್ಳೆಪರದೆ, ಗಾಳಿ ತುಂಬುವ ಹಾಸಿಗೆ, ಟಾರ್ಚು, ಚಳಿಗೆ ಟೆಂಟಿನೊಳಗೆ ಇಡಲು ಇದ್ದಿಲಿನ ಅಗ್ಗಿಷ್ಟಿಕೆ. ಪತ್ನಿ ಪೂರ್ತಿ ಕೇಳಿಸಿಕೊಂಡು, “ಎಲ್ಲವೂ ಇದೆ. ರಾತ್ರಿ ಎರಡು ಗಂಟೆಗೆ ಕೂಸು ಅತ್ತಾಗ ಏಳುವವರು ಯಾರು ಅನ್ನುವುದು ಮಾತ್ರ ಇಲ್ಲ” ಎಂದರು. “ಅದಕ್ಕೇನು, ಮನೆಯಲ್ಲಿ ಏಳುವ ಹಾಗೆ ಅಲ್ಲೂ...” ಎಂದವರು ಮಾತನ್ನು ಅಲ್ಲಿಗೇ ನಿಲ್ಲಿಸಿ, ಪಟ್ಟಿಯನ್ನು ಮತ್ತೆ ಮೇಲಿನಿಂದ ಕೆಳಕ್ಕೆ ಸರಿಸತೊಡಗಿದರು. ಮನೆಯಲ್ಲಿ ಯಾರು ಏಳುತ್ತಾರೆಂದು ನಾನು ಕೇಳಬೇಕಾಗಲಿಲ್ಲ. ಆಕೆ ತಾವಾಗಿಯೇ ಹೇಳುತ್ತಾ ಹೋದರು: ಮನೆಯಲ್ಲಾದರೆ ಸ್ವಿಚ್ಚು ಕೈಗೆಟಕುತ್ತದೆ, ಫ್ಲಾಸ್ಕಿನಲ್ಲಿ ಬಿಸಿನೀರಿರುತ್ತದೆ, ಅಲ್ಲಿ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಡೈಪರ್ ಬದಲಿಸಬೇಕು, ಪಕ್ಕದ ಟೆಂಟಿನವರ ನಿದ್ದೆ ಕೆಡುತ್ತದೆಂಬ ಸಂಕೋಚದಲ್ಲಿ ಕೂಸಿನ ಬಾಯಿಗೆ ಎದೆ ಕೊಟ್ಟುಕೊಂಡೇ ಬೆಳಗು ಮಾಡಬೇಕು, ಮರುದಿನ ಫೋಟೋಕ್ಕೆ ನಗಬೇಕು.

ನಾನು ಕೊಟ್ಟ ಸಲಹೆ ಇಷ್ಟು: ಜನವರಿಯ ಪ್ರವಾಸವನ್ನು ಕೈಬಿಡಿ; ಮೊದಲು ಸ್ವಂತ ಮನೆಯ ತಾರಸಿಯ ಮೇಲೆ ಟೆಂಟ್ ಹಾಕಿ ಒಂದು ರಾತ್ರಿ ಮಲಗಿ, ಎದೆಹಾಲೂಡುವುದೊಂದನ್ನು ಬಿಟ್ಟು ಉಳಿದ ಎಲ್ಲ ಕೆಲಸವನ್ನೂ ತಂದೆಯೇ ಮಾಡಲಿ, ತಾಯಿ ಕೆಳಗೆ ಮಲಗಿದ್ದು ಕರೆದಾಗ ಮಾತ್ರ ಬರಲಿ. ದಂಪತಿಗೆ ಟೆಂಟಿನ ಪಾಠ ಹೇಳುವುದು ಆಪ್ತಸಲಹೆಗಾರರ ಕೆಲಸವೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಹೌದೆಂದೇ ನನ್ನ ನಿಲುವು. ಮಕ್ಕಳು ದೊಡ್ಡವರಾಗಲಿ ಎಂದು ಹಿರಿಯರ ಮಾತನ್ನೇ ನಾನೂ ಹೇಳಿದ್ದರೆ, ಬಾಣಂತನ ಮುಗಿದ ಮೇಲೂ ನಾಲ್ಕು ಗೋಡೆಯೊಳಗೇ ಇರುವ ಆ ತಾಯಿ ಇನ್ನೂ ಎರಡು ವರ್ಷ ಅಲ್ಲೇ ಉಳಿಯುತ್ತಿದ್ದರು. ಧೈರ್ಯ ಮಾಡಿ ಹೋಗಿ ಎಂದಿದ್ದರೆ ಅಡುಗೆಮನೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು.

ಕೆಲವು ವಿಷಯಗಳಲ್ಲಿ ಮಾತ್ರ ಚರ್ಚೆಗೆ ಅವಕಾಶ ಕೊಡಲಿಲ್ಲ. ಮುಚ್ಚಿದ ಟೆಂಟಿನಲ್ಲಿ ಇದ್ದಿಲು ಉರಿದರೆ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದ್ದವರನ್ನು ಮಲಗಿದಲ್ಲೇ ಕೊಲ್ಲಬಲ್ಲದು. ಗಾಳಿ ತುಂಬಿದ ಮೆತ್ತನೆಯ ಹಾಸಿಗೆಯಲ್ಲಿ ಹಸುಗೂಸಿನ ಮುಖ ಹುದುಗಿ ಉಸಿರುಗಟ್ಟುವ ಅಪಾಯವಿದೆ. ಗಟ್ಟಿಯಾದ ಸಮತಟ್ಟು ಹಾಸಿನ ಮೇಲೆ ಅಂಗಾತ ಮಲಗಿಸಬೇಕು, ಸಡಿಲ ಹೊದಿಕೆಗೆ ಬದಲು ಒಂದು ಅಂಗಿ ಹೆಚ್ಚು ತೊಡಿಸಬೇಕು. ಇನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಾಣಿಸಿಕೊಂಡ ಮಂಗನ ಕಾಯಿಲೆ ಉಣುಗುಗಳ ಕಡಿತದಿಂದ ಹರಡುವಂಥದ್ದು, ಬೇಸಿಗೆ ಮುಗಿಯುವವರೆಗಿನ ಒಣ ತಿಂಗಳುಗಳೇ ಅದರ ಕಾಲ. ತರಗೆಲೆಯ ಮೇಲೆ ಅಂಬೆಗಾಲಿಡುವ ಕೂಸಿಗೆ ಆ ಕಾಲದಲ್ಲಿ ಆ ಕಾಡಂಚು ಸಲ್ಲದು. ಅತ್ತೆಯವರ ಗಾಳಿಯ ಮಾತಿಗೆ ನಕ್ಕಿದ್ದ ಪತಿ ಇದನ್ನು ಕೇಳಿ ಸುಮ್ಮನಾದರು.

ತಾರಸಿಯ ರಾತ್ರಿಯಲ್ಲಿ ಪತಿ ಬೆಳಗಿನ ಜಾವದವರೆಗೆ ಕಣ್ಣು ಮುಚ್ಚಲಿಲ್ಲವಂತೆ. ಮಗಳು ಮಾತ್ರ ಸೂರ್ಯ ಹುಟ್ಟುವವರೆಗೂ ಹಾಯಾಗಿ ಮಲಗಿದ್ದಳಂತೆ. ಮುಂದಿನ ಭೇಟಿಗೆ ಅವರು ಬೇರೆಯೇ ಒಂದು ಏರ್ಪಾಡಿನೊಂದಿಗೆ ಬಂದರು. ನಗರದಿಂದ ಎರಡು ಗಂಟೆಯೊಳಗಿನ, ಹತ್ತಿರದಲ್ಲೇ ಆಸ್ಪತ್ರೆಯಿರುವ ಜಾಗಕ್ಕೆ ತಂದೆ ಮತ್ತು ಮಗಳು ಇಬ್ಬರೇ ಒಂದು ರಾತ್ರಿಗೆ ಹೋಗುವುದು, ತಾಯಿ ಕೂಸಿನೊಂದಿಗೆ ತವರಿಗೆ ಹೋಗಿ ಮಲಗುವುದು. ಕುಟುಂಬ ಒಟ್ಟಿಗೆ ಹೋಗಲಿಲ್ಲವಲ್ಲ, ನಿಮ್ಮ ಸಲಹೆಯಿಂದ ಆದದ್ದೇನು ಎಂದು ಅದೇ ಸಹೋದ್ಯೋಗಿ ಕೇಳಿದರು. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ತನಗೇನು ಬೇಕೆಂದು ಆಕೆ ಹೇಳಿದರು, ಉಳಿದವರು ಅದನ್ನು ಒಪ್ಪಿದರು ಎಂದೆ. ಎಲ್ಲರೂ ಒಟ್ಟಿಗೆ ಹೋಗುವ ಮಾತನ್ನು ಕೂಸಿಗೆ ವರ್ಷ ತುಂಬಿದ ಮೇಲೆ ನೋಡೋಣವೆಂದು ಮುಂದೂಡಿದ್ದಾರೆ. ಪಟ್ಟಿಯನ್ನು ಈ ಸಲ ಆಕೆಯೇ ಬರೆಯುತ್ತಾರಂತೆ.