ಎರಡು ವರ್ಷ ತೋಟದಲ್ಲಿದ್ದೆ. ಸಂದರ್ಶನದಲ್ಲಿ ಏನೆಂದು ಹೇಳಲಿ?

ಪ್ರಶ್ನೆ: ನಾನು ಬಿ.ಕಾಂ. ಪದವೀಧರೆ. ತಂದೆಯವರ ಅನಾರೋಗ್ಯದಿಂದಾಗಿ ಪದವಿಯ ನಂತರ ಎರಡು ವರ್ಷ ಮನೆಯಲ್ಲೇ ಉಳಿದು ಅಡಿಕೆ ತೋಟ ನೋಡಿಕೊಂಡೆ. ಈಗ ಬ್ಯಾಂಕುಗಳಿಗೆ ಸಿಬ್ಬಂದಿಯನ್ನು ಆಯ್ಕೆ ಮಾಡುವ ಐಬಿಪಿಎಸ್ ಸಂಸ್ಥೆಯಿಂದ ಪ್ರೊಬೇಷನರಿ ಆಫೀಸರ್ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿದೆ. ಆ ಎರಡು ವರ್ಷಗಳ ಬಗ್ಗೆ ಕೇಳಿದರೆ ಏನು ಹೇಳಬೇಕೆಂದು ತೋಚುತ್ತಿಲ್ಲ. ಇಂಗ್ಲಿಷ್ ಮಾತನಾಡುವಾಗ ತಡವರಿಸುತ್ತೇನೆ. ಹೇಗೆ ಸಿದ್ಧಳಾಗಲಿ?
– ಓದುಗಿ, ಹೊಸನಗರ ತಾಲ್ಲೂಕು

ಉತ್ತರ: ಆ ಎರಡು ವರ್ಷಗಳ ಬಗ್ಗೆ ಕೇಳಿಯೇ ಕೇಳುತ್ತಾರೆ; ಕೇಳಲಿ ಎಂದೇ ನೀವು ಬಯಸಬೇಕು. ‘ಪರೀಕ್ಷೆಗೆ ಓದುತ್ತಿದ್ದೆ’ ಎಂದು ಹೇಳಿ ಜಾರಿಕೊಳ್ಳುವವರೇ ಹೆಚ್ಚು. ನೀವು ಹಾಗೆ ಮಾಡಬೇಡಿ. ತಂದೆಯವರ ಕಾಯಿಲೆಯನ್ನು ಒಂದೇ ವಾಕ್ಯದಲ್ಲಿ ಹೇಳಿ, ನೇರವಾಗಿ ಕೆಲಸಕ್ಕೆ ಬನ್ನಿ: ಮಳೆಗಾಲಕ್ಕೆ ಮುನ್ನ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದು, ಮರ ಹತ್ತಿ ಗೊನೆ ಇಳಿಸುವ ಕೊನೆಗಾರರನ್ನು ಹೊಂದಿಸಿ ಕೊಯ್ಲು ಮಾಡಿಸಿದ್ದು, ಸುಲಿಸಿ, ಬೇಯಿಸಿ, ಒಣಗಿಸಿದ ಅಡಿಕೆಯನ್ನು ಮಂಡಿಗೆ ಕಳುಹಿಸಿದ್ದು, ಕೂಲಿಯ ಲೆಕ್ಕ ಬರೆದದ್ದು – ಇವುಗಳಲ್ಲಿ ನೀವೇ ನಿಂತು ಮಾಡಿದ್ದನ್ನಷ್ಟೇ ಹೇಳಿ.

ಅಲ್ಲಿಗೆ ನಿಲ್ಲಿಸಿದರೆ ಅರ್ಧ ಉತ್ತರವಾಗುತ್ತದೆ. ಉಳಿದರ್ಧ ಬ್ಯಾಂಕಿಗೆ ಸಂಬಂಧಿಸಿದ್ದು. ವಾಣಿಜ್ಯ ಬ್ಯಾಂಕುಗಳು ತಮ್ಮ ಹೊಂದಾಣಿಕೆಗೊಳಿಸಿದ ನಿವ್ವಳ ಸಾಲದ (ಎಂದರೆ, ನಿಯಮದ ಪ್ರಕಾರ ಲೆಕ್ಕ ಹಾಕಿದ ಸಾಲದ ಮೊತ್ತದ) ಶೇ 40ರಷ್ಟನ್ನು ಕೃಷಿ, ಸಣ್ಣ ಉದ್ದಿಮೆಯಂಥ ಆದ್ಯತಾ ವಲಯಕ್ಕೆ, ಅದರೊಳಗೇ ಶೇ 18ರಷ್ಟನ್ನು ಕೃಷಿಗೆ ಕೊಡಬೇಕೆಂಬ ನಿಯಮವಿದೆ. ಯಾವ ಬೆಳೆಗೆ ಎಕರೆಗೆ ಎಷ್ಟು ಸಾಲ ಎಂಬುದನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ನಿಗದಿಪಡಿಸುತ್ತದೆ. 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡ್ ಹೇಗೆ ನಡೆಯುತ್ತದೆ, ಸಕಾಲಕ್ಕೆ ಮರುಪಾವತಿಸಿದವರಿಗೆ ಬಡ್ಡಿ ಏಕೆ ಕಡಿಮೆಯಾಗುತ್ತದೆ, ಅಡಮಾನವಿಲ್ಲದ ಕೃಷಿ ಸಾಲದ ಮಿತಿ 2025ರ ಜನವರಿಯಿಂದ 1.6 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿದ್ದೇಕೆ ಎಂಬುದನ್ನು ಓದಿಕೊಳ್ಳಿ. ಕೊಯ್ಲಿಗೆ ಮೊದಲು ಮನೆಯಲ್ಲಿ ಹಣ ಏಕೆ ಬಿಗಿಯಾಗುತ್ತದೆಂದು ನಿಮಗೆ ಗೊತ್ತು. ಸಾಲದ ಕಂತು ಫಸಲಿನ ಕಾಲಕ್ಕೆ ಹೊಂದಿಕೊಂಡಿರಬೇಕು ಎಂಬ ಮಾತು ನಿಮ್ಮ ಬಾಯಲ್ಲಿ ಬಂದರೆ, ಅದು ಗೈಡಿನಿಂದ ಉರು ಹೊಡೆದದ್ದಲ್ಲವೆಂದು ಎದುರಿಗಿರುವವರಿಗೆ ತಕ್ಷಣ ತಿಳಿಯುತ್ತದೆ.

ಕರ್ನಾಟಕದವರನ್ನು ಇಲ್ಲಿ ಹುಟ್ಟಿದ ಬ್ಯಾಂಕುಗಳ ಬಗ್ಗೆ ಕೇಳುವ ಸಾಧ್ಯತೆಯೂ ಇದೆ. 1906ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕೆನರಾ ಬ್ಯಾಂಕಿನ ಜೊತೆ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ವಿಲೀನವಾಯಿತು ಎಂಬಂಥ ಸಂಗತಿಗಳು ನೆನಪಿನಲ್ಲಿರಲಿ.

ಇಂಗ್ಲಿಷಿನ ವಿಷಯದಲ್ಲಿ ಅತಿಯಾದ ಚಿಂತೆ ಬೇಡ. ನಿಮ್ಮ ಪರಿಚಯ, ತೋಟ, ಬ್ಯಾಂಕಿನ ಕೆಲಸವನ್ನೇ ಆರಿಸಿಕೊಂಡ ಕಾರಣ – ಈ ಮೂರರ ಬಗ್ಗೆ ದಿನವೂ ಗಟ್ಟಿಯಾಗಿ ಮಾತನಾಡಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಸಿಕೊಳ್ಳಿ. ಬರೆದು ಬಾಯಿಪಾಠ ಮಾಡಬೇಡಿ; ನಡುವೆ ಒಂದು ಮರುಪ್ರಶ್ನೆ ಬಂದರೆ ಕಲಿತದ್ದೆಲ್ಲ ಕೈಕೊಡುತ್ತದೆ. ಚಿಕ್ಕ ವಾಕ್ಯಗಳು ಸಾಕು. ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲವೆಂದೇ ಹೇಳಿ.

ಅಂತಿಮ ಪಟ್ಟಿಯಲ್ಲಿ ಮುಖ್ಯ ಪರೀಕ್ಷೆಯ ಪಾಲು ಶೇ 80, ಸಂದರ್ಶನದ್ದು ಶೇ 20. ಆದರೂ ಸಂದರ್ಶನದ 100 ಅಂಕಗಳಲ್ಲಿ ಕನಿಷ್ಠ 40, ಮೀಸಲಾತಿಗೆ ಸೇರಿದ ಪರಿಶಿಷ್ಟ, ಹಿಂದುಳಿದ ವರ್ಗಗಳವರಿಗೆ 35 ಬರಲೇಬೇಕು. ಹಿಂದುಳಿದ ವರ್ಗದಲ್ಲಿ ಅರ್ಜಿ ಹಾಕಿದ್ದರೆ ಕೇಂದ್ರ ಸರ್ಕಾರದ ನಮೂನೆಯ, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ತಹಶೀಲ್ದಾರರ ಕಚೇರಿಯಿಂದ ಈಗಲೇ ಪಡೆದುಕೊಳ್ಳಿ; ರಾಜ್ಯದ ನಮೂನೆ ಅಲ್ಲಿ ನಡೆಯುವುದಿಲ್ಲ.