ನ್ಯೂಜಿಲೆಂಡಿನ ಮರ ಬೆಳೆಗಾರರ ಸಂಘ ಯಾರ ಪರವಾಗಿ, ಯಾವ ಬಲದ ಮೇಲೆ ಮಾತನಾಡುತ್ತದೆ?

ಸಕಲೇಶಪುರದ ಬಳಿ ನಾಲ್ಕು ಎಕರೆಯಲ್ಲಿ ಸಿಲ್ವರ್ ಓಕ್ ಮತ್ತು ಹೆಬ್ಬೇವು ಬೆಳೆಸಿರುವುದಾಗಿ ಬರೆದಿರುವ ನೀವು, ಮರ ಬೆಳೆಯುವವರಿಗೆಂದೇ ಇಡೀ ದೇಶಕ್ಕೊಂದು ಸಂಘವಿದ್ದರೆ ಅದು ಸದಸ್ಯರನ್ನು ನಿಜವಾಗಿ ಹೇಗೆ ಪ್ರತಿನಿಧಿಸುತ್ತದೆ, ಒಳ್ಳೆಯ ಬೆಲೆ ಕೊಡಿಸುತ್ತದೆಯೇ, ಸಣ್ಣ ಬೆಳೆಗಾರನ ಮಾತನ್ನು ಅಲ್ಲಿ ಯಾರಾದರೂ ಕೇಳುತ್ತಾರೆಯೇ ಎಂದು ವಿಚಾರಿಸಿದ್ದೀರಿ. ನಾನು ಹತ್ತಿರದಿಂದ ಕಂಡಿರುವುದು ನ್ಯೂಜಿಲೆಂಡಿನ ವ್ಯವಸ್ಥೆಯನ್ನು ಮಾತ್ರ. ಅಲ್ಲಿನ ರೊಟೊರುವಾ ಎಂಬ ಊರಿನಲ್ಲಿ, ಸಣ್ಣ ಜಮೀನುದಾರರ ಮರ ಕಡಿಸಿ ಮಾರಿಕೊಡುವ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ 2014ರಿಂದ ಒಂಬತ್ತು ವರ್ಷ ದುಡಿದೆ. ಲಾರಿಗಳ ತೂಕದ ಚೀಟಿಗಳನ್ನು ಕೂಡಿಸಿ, ಕಡಿತದ ಕೂಲಿ, ಸಾಗಣೆ, ರಸ್ತೆ ಮಾಡಿಸಿದ ಖರ್ಚು ಎಲ್ಲವನ್ನೂ ಕಳೆದು, ಮಾಲೀಕನ ಕೈಗೆ ಬರುವ ಮೊತ್ತದ ಪಟ್ಟಿ ತಯಾರಿಸುವುದು ನನ್ನ ಕೆಲಸವಾಗಿತ್ತು. ಆ ಪಟ್ಟಿಯ ಕೊನೆಯಲ್ಲಿ ‘ಬೆಳೆಗಾರರ ಲೆವಿ’ ಎಂಬ ಒಂದು ಸಣ್ಣ ಕಡಿತ ಇರುತ್ತಿತ್ತು. ಅದೇನೆಂದು ಕೇಳಿ ಫೋನ್ ಮಾಡುವವರಿಗೆ ಉತ್ತರ ಹೇಳುತ್ತಲೇ ನಾನು ಈ ಸಂಘದ ವಿಚಾರವನ್ನು ಕಲಿತೆ.

ಮೊದಲು ಅಲ್ಲಿನ ಹಿನ್ನೆಲೆ. ಸುಮಾರು 17 ಲಕ್ಷ ಹೆಕ್ಟೇರ್ ನೆಡುತೋಪು ಇರುವ ಆ ದೇಶದಲ್ಲಿ ನೂರಕ್ಕೆ ತೊಂಬತ್ತರಷ್ಟು ರೇಡಿಯಾಟಾ ಪೈನ್ ಒಂದೇ ಜಾತಿಯ ಮರ. ನೆಟ್ಟ ಮೇಲೆ ಹೆಚ್ಚುಕಡಿಮೆ 28 ವರ್ಷಕ್ಕೆ ಕಡಿಯುತ್ತಾರೆ, ಕಡಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ದಿಮ್ಮಿಯಾಗಿಯೇ ಹಡಗೇರುತ್ತದೆ, ಅದರಲ್ಲೂ ಬಹುಪಾಲು ಚೀನಾಕ್ಕೆ. ಬೆಳೆಗಾರರ ಪೈಕಿ ಒಂದು ಕಡೆ ಲಕ್ಷಾಂತರ ಹೆಕ್ಟೇರ್ ಹೊಂದಿರುವ ಕಂಪನಿಗಳೂ ಹೂಡಿಕೆ ನಿಧಿಗಳೂ ಇದ್ದರೆ, ಇನ್ನೊಂದು ಕಡೆ ಕುರಿ ಮೇಯಿಸುವ ಗುಡ್ಡದ ಒಂದು ಮಗ್ಗುಲಿಗೆ ಹತ್ತೋ ಇಪ್ಪತ್ತೋ ಹೆಕ್ಟೇರ್ ಪೈನ್ ನೆಟ್ಟಿರುವ ಸಾವಿರಾರು ರೈತರಿದ್ದಾರೆ. ದೊಡ್ಡವರ ಸಂಘವಾದ ಫಾರೆಸ್ಟ್ ಓನರ್ಸ್ ಅಸೋಸಿಯೇಷನ್ 1926ರಲ್ಲಿ, ಅಂದರೆ ದೇಶದಲ್ಲಿ ಮೊದಲ ಬಾರಿಗೆ ಭಾರಿ ಪ್ರಮಾಣದಲ್ಲಿ ಪೈನ್ ನೆಡಲು ತೊಡಗಿದ ಕಾಲದಲ್ಲಿ ಹುಟ್ಟಿತು. ರೈತರ ಸಂಘವಾದ ಫಾರ್ಮ್ ಫಾರೆಸ್ಟ್ರಿ ಅಸೋಸಿಯೇಷನ್ ಬಂದದ್ದು 1957ರಲ್ಲಿ. ಇವೆರಡೂ ಬೇರೆ ಬೇರೆ ಸಂಸ್ಥೆಗಳೇ ಆದರೂ ಬಹಳಷ್ಟು ವಿಷಯಗಳಲ್ಲಿ ಜೊತೆಯಾಗಿ ನಡೆಯುತ್ತವೆ. ಮುಂದೆ ಬರೀ ‘ಸಂಘ’ ಎಂದಲ್ಲಿ ಮುಖ್ಯವಾಗಿ ಮೊದಲನೆಯದು, ಅಂದರೆ ಮಾಲೀಕರ ಸಂಘ, ಎಂದು ತಿಳಿಯಿರಿ.

ಪ್ರತಿನಿಧಿಸುವುದು ಎಂದರೆ ಮಂತ್ರಿಗೆ ಮನವಿಪತ್ರ ಕೊಡುವುದು, ಮಸೂದೆಗೆ ಆಕ್ಷೇಪ ಸಲ್ಲಿಸುವುದು ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಅದೂ ನಡೆಯುತ್ತದೆ, ಆದರೆ ಸದಸ್ಯರ ಪರವಾಗಿ ಬೇಡುವುದಕ್ಕಿಂತ ಸದಸ್ಯರ ಪರವಾಗಿ ಮಾತು ಕೊಡುವುದು ಎಷ್ಟೋ ಕಷ್ಟದ ಕೆಲಸ, ಮತ್ತು ಸಂಘದ ನಿಜವಾದ ತೂಕ ಗೊತ್ತಾಗುವುದು ಅಲ್ಲಿಯೇ. 1991ರ ಅರಣ್ಯ ಒಪ್ಪಂದವನ್ನೇ ನೋಡಿ. ಅದಕ್ಕೆ ನಾಲ್ಕು ವರ್ಷ ಮೊದಲು, 1987ರಲ್ಲಿ, ಸರ್ಕಾರವು ತನ್ನ ಅರಣ್ಯ ಇಲಾಖೆಯನ್ನೇ ಮುಚ್ಚಿ, ಬಳಿಕ ಸರ್ಕಾರಿ ನೆಡುತೋಪುಗಳ ಮರವನ್ನು ಖಾಸಗಿಯವರಿಗೆ ಮಾರತೊಡಗಿತ್ತು. ನಿಸರ್ಗ ಕಾಡನ್ನು ಕಡಿದು ಪೈನ್ ನೆಡುವುದರ ವಿರುದ್ಧ ಪರಿಸರ ಸಂಘಟನೆಗಳು ದಶಕಗಳಿಂದ ಹೋರಾಡುತ್ತಿದ್ದವು. ಆ ಒಪ್ಪಂದದಲ್ಲಿ ಬೆಳೆಗಾರರ ಸಂಘಗಳು ನೆಡುತೋಪಿಗಾಗಿ ನಿಸರ್ಗ ಕಾಡನ್ನು ಕಡಿಯುವುದಿಲ್ಲವೆಂದು ಒಪ್ಪಿದವು. ಫಾರೆಸ್ಟ್ ಅಂಡ್ ಬರ್ಡ್ ಮೊದಲಾದ ಪರಿಸರ ಸಂಘಟನೆಗಳು, ಮರುಹುಟ್ಟು ಪಡೆಯುವ ಮರದ ಮೂಲವಾಗಿ ನೆಡುತೋಪು ಅಗತ್ಯವೆಂದು ಒಪ್ಪಿದವು. ಸರ್ಕಾರದ ಆದೇಶವಿಲ್ಲದೆ ಎರಡು ಬಣಗಳು ಹೀಗೆ ಕುಳಿತು ಸಹಿ ಹಾಕಲು ಸಾಧ್ಯವಾದದ್ದು, ಸಂಘದ ಮಾತನ್ನು ಸದಸ್ಯರು ಮೀರುವುದಿಲ್ಲ ಎಂಬ ನಂಬಿಕೆ ಎದುರಿನವರಿಗೆ ಇದ್ದುದರಿಂದ. ಸದಸ್ಯರಲ್ಲದವರನ್ನು ಮಾತ್ರ ಇಂಥ ಒಪ್ಪಂದ ಕಟ್ಟಿಹಾಕಲಾರದು.

ಹಣದ ವಿಷಯದಲ್ಲೂ ಇದೇ ತೊಡಕು. ಹೊಸ ಕೀಟ ಬಂದಿತೇ ಎಂದು ತೋಪುಗಳನ್ನು ತಪಾಸಣೆ ಮಾಡಿಸುವುದು, ತಳಿ ಸುಧಾರಣೆಯ ಸಂಶೋಧನೆ, ಕಾರ್ಮಿಕರ ತರಬೇತಿ, ಇವುಗಳ ಲಾಭ ಎಲ್ಲ ಬೆಳೆಗಾರರಿಗೂ ಸಿಗುತ್ತದೆ, ಆದರೆ ಬಹುಕಾಲ ಅದರ ಖರ್ಚು ಸ್ವಇಚ್ಛೆಯಿಂದ ಚಂದಾ ಕೊಡುವವರ ಮೇಲೆಯೇ ಬೀಳುತ್ತಿತ್ತು. 1990ರ ಕಮಾಡಿಟಿ ಲೆವೀಸ್ ಕಾಯ್ದೆ ಇದಕ್ಕೊಂದು ದಾರಿ ಮಾಡಿತು. ಒಂದು ಬೆಳೆಯ ಉತ್ಪಾದಕರು ತಾವೇ ಮತ ಹಾಕಿ ಒಪ್ಪಿದರೆ, ಆ ಬೆಳೆಯ ಎಲ್ಲರಿಂದಲೂ ಕಾನೂನುಬದ್ಧವಾಗಿ ಲೆವಿ ವಸೂಲು ಮಾಡಬಹುದು. ನಮ್ಮ ಎಪಿಎಂಸಿ ಸೆಸ್ ಅನ್ನು ಬೆಳೆಗಾರರೇ ಮತದಾನದಿಂದ ತಮ್ಮ ಮೇಲೆ ಹಾಕಿಕೊಂಡಂತೆ. ಆದರೆ ಒಂದು ಬಹುಮತ ಸಾಲದು. ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಬೇಕು, ಜೊತೆಗೆ ಹಾಗೆ ಒಪ್ಪಿದವರ ಪಾಲು ಮತ ಹಾಕಿದವರೆಲ್ಲರ ಉತ್ಪಾದನೆಯಲ್ಲಿಯೂ ಅರ್ಧಕ್ಕಿಂತ ಹೆಚ್ಚಿರಬೇಕು. ತಲೆ ಎಣಿಸಿದರೆ ಸಣ್ಣವರು ಗೆಲ್ಲುತ್ತಾರೆ, ಟನ್ನು ಎಣಿಸಿದರೆ ದೊಡ್ಡವರು ಗೆಲ್ಲುತ್ತಾರೆ. ಎರಡನ್ನೂ ಎಣಿಸುವುದರಿಂದ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಏನನ್ನೂ ಹೇರುವಂತಿಲ್ಲ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜಾಣತನವಿರುವುದು ಈ ಒಂದು ನಿಯಮದಲ್ಲಿ. ಆದೇಶಕ್ಕೆ ಆರು ವರ್ಷದ ಆಯುಸ್ಸು, ಮುಗಿದ ಮೇಲೆ ಮತ್ತೆ ಮತದಾನ. 2013ರಲ್ಲಿ ಮೊದಲ ಆದೇಶವಾಗಿ 2014ರ ಜನವರಿಯಿಂದ ವಸೂಲಿ ಆರಂಭವಾಯಿತು, 2019ರಲ್ಲಿ ಮರಳಿ ಒಪ್ಪಿಗೆ ಪಡೆಯಲಾಯಿತು.

ಲೆವಿ ಎಷ್ಟು ಎಂದು ಗಾಬರಿಯಾಗಬೇಡಿ. ಆರಂಭದಲ್ಲಿ ಟನ್ನಿಗೆ 27 ಸೆಂಟ್, ಮುಂದೆ 33 ಸೆಂಟ್. ಹತ್ತು ಹೆಕ್ಟೇರ್ ತೋಪಿನಿಂದ ಆರು ಸಾವಿರ ಟನ್ ದಿಮ್ಮಿ ಇಳಿಯಿತು ಎಂದುಕೊಂಡರೆ ಹಳೆಯ ದರದಲ್ಲಿ 1,620 ಡಾಲರ್ ಆಗುತ್ತದೆ, ಅದೂ 28 ವರ್ಷಕ್ಕೊಮ್ಮೆ. ಸಾಮಿಲ್ಲಿನ ಅಥವಾ ಬಂದರಿನ ವೇಬ್ರಿಜ್ಜಿನ ತೂಕವೇ ಇದಕ್ಕೆ ಆಧಾರವಾದ್ದರಿಂದ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಈ ಹಣ ನೇರವಾಗಿ ಸಂಘದ ತಿಜೋರಿಗೆ ಹೋಗದೆ ಪ್ರತ್ಯೇಕ ಟ್ರಸ್ಟಿಗೆ ಸೇರುತ್ತದೆ, ಅದರ ಮಂಡಳಿಯಲ್ಲಿ ದೊಡ್ಡವರಿಗೂ ಸಣ್ಣವರಿಗೂ ಸ್ಥಾನಗಳಿವೆ, ವ್ಯಾಪಾರದ ಕೆಲಸಗಳಿಗೆ ಅದನ್ನು ಬಳಸಕೂಡದೆಂದು ಕಾಯ್ದೆ ನಿರ್ಬಂಧಿಸುತ್ತದೆ. ಸರ್ಕಾರದೆದುರು ಸದಸ್ಯರ ವಕಾಲತ್ತು ವಹಿಸಲು ಸಂಘವು ತನ್ನ ಸದಸ್ಯರ ಚಂದಾ ಹಣವನ್ನು ನೆಚ್ಚಿಕೊಂಡಿದೆ. ಈ ಬೇಲಿ ಇಲ್ಲದಿದ್ದರೆ, ಸದಸ್ಯನೇ ಅಲ್ಲದ ರೈತನ ದುಡ್ಡಿನಿಂದ ಅವನಿಗೆ ಒಪ್ಪದ ಮಾತನ್ನು ಆಡಿದಂತಾಗುತ್ತಿತ್ತು.

ಬೆಲೆಯ ವಿಷಯಕ್ಕೆ ಬಂದರೆ ಉತ್ತರ ಚಿಕ್ಕದು: ಇಲ್ಲ, ಸಂಘ ಬೆಲೆ ಕೊಡಿಸುವುದಿಲ್ಲ. ಪರಸ್ಪರ ಪೈಪೋಟಿ ಮಾಡುವ ಮಾರಾಟಗಾರರು ಸೇರಿ ಬೆಲೆ ನಿಗದಿ ಮಾಡುವುದನ್ನು 1986ರ ಕಾಮರ್ಸ್ ಕಾಯ್ದೆ ನಿಷೇಧಿಸುತ್ತದೆ.

ಸಂಘವು ‘ಮರದ ಉದ್ಯಮ’ವನ್ನೆಲ್ಲ ಪ್ರತಿನಿಧಿಸುತ್ತದೆ ಎಂದೂ ಭಾವಿಸಬಾರದು. ದಿಮ್ಮಿ ಹೊರದೇಶಕ್ಕೆ ಹೋದಷ್ಟೂ ಊರಿನ ಸಾಮಿಲ್ಲಿಗೆ ಮರ ದುಬಾರಿಯಾಗುತ್ತದೆ. ಮಿಲ್ಲಿನವರಿಗೆ ಬೇರೆ ಸಂಘವಿದೆ, ಅದರ ಹಿತ ಬೇರೆ. ನೆಲದ ಮಾಲೀಕರೂ ಬೇರೆ ಇರಬಹುದು: ದೇಶದ ಅತಿ ದೊಡ್ಡ ನೆಡುತೋಪಾದ ಕೈಂಗರೋವಾ ಇರುವ ನೆಲವೂ ಸೇರಿದಂತೆ ಸುಮಾರು 1,76,000 ಹೆಕ್ಟೇರ್ ಭೂಮಿ 2008ರ ಒಪ್ಪಂದದ ಪ್ರಕಾರ ಅಲ್ಲಿನ ಮಾವೋರಿ ಬುಡಕಟ್ಟುಗಳಿಗೆ ಮರಳಿತು, ಮರ ಮಾತ್ರ ಬೇರೆಯವರದು. 2020ರಲ್ಲಿ ದಿಮ್ಮಿ ವ್ಯಾಪಾರಿಗಳೂ ಅರಣ್ಯ ಸಲಹೆಗಾರರೂ ನೋಂದಣಿ ಮಾಡಿಸಿಕೊಳ್ಳಲೇಬೇಕೆಂಬ ಕಾನೂನು ಬಂದಾಗ ಸಂಘ ಬಲವಾಗಿ ವಿರೋಧಿಸಿತು, ಆದರೂ ಅದು ಅಂಗೀಕಾರವಾಯಿತು. ಇದರಲ್ಲಿ ನಾನು ಸಂಘದ ಜೊತೆಗಿರಲಿಲ್ಲ. ವರ್ಷವಿಡೀ ದಿಮ್ಮಿ ಮಾರುವ ಕಂಪನಿಗೆ ಸಲಹೆಗಾರನ ನೋಂದಣಿ ಬರೀ ಕಾಗದದ ಹೊರೆ. ಜೀವಮಾನದಲ್ಲಿ ಒಂದೇ ಸಲ ಮಾರುವ ರೈತನಿಗೆ, ಯಾರನ್ನು ನಂಬಬೇಕೆಂದೇ ತಿಳಿಯದಿರುವಾಗ, ಅದೊಂದು ಆಸರೆ. ಒಂದೇ ಸಂಘ ಇಬ್ಬರನ್ನೂ ಪ್ರತಿನಿಧಿಸುವುದಾಗಿ ಹೇಳಿಕೊಂಡರೆ ಇಂಥ ಬಿರುಕು ಕಾಣಿಸಿಯೇ ತೀರುತ್ತದೆ.

ಸಂಘದ ಬಗ್ಗೆ ನನಗೆ ಗೌರವ ಮೂಡಿಸಿದ್ದು ಸುರಕ್ಷತೆಯ ವಿಷಯ. 2013ರಲ್ಲಿ ಆ ಪುಟ್ಟ ದೇಶದ ಅರಣ್ಯ ಕೆಲಸದಲ್ಲಿ ಹತ್ತು ಮಂದಿ ಸತ್ತರು. ಮರ ಕಡಿಯುವವರು ಬೆಳೆಗಾರರ ನೌಕರರಲ್ಲ, ಗುತ್ತಿಗೆದಾರರ ಕೈಕೆಳಗಿನವರು. ‘ನಮ್ಮದಲ್ಲ’ ಎಂದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಬದಲಿಗೆ ಮಾಲೀಕರ ಸಂಘ, ರೈತರ ಸಂಘ ಮತ್ತು ಗುತ್ತಿಗೆದಾರರ ಸಂಘ ಮೂರೂ ಸೇರಿ ಸ್ವತಂತ್ರ ಪರಿಶೀಲನಾ ತಂಡವನ್ನು ನೇಮಿಸಿದವು, 2014ರಲ್ಲಿ ಅದು ಕೊಟ್ಟ ವರದಿಯ ಮೇಲೆ ಮರುವರ್ಷ ಸುರಕ್ಷತಾ ಮಂಡಳಿಯೊಂದು ಹುಟ್ಟಿತು. ಪಟ್ಟಿಯಲ್ಲಿನ ಲೆವಿಯ ಸಾಲಿನ ಬಗ್ಗೆ ಗೊಣಗುವವರಿಗೆ ನಾನು ಮೊದಲು ಹೇಳುತ್ತಿದ್ದುದು ಇದನ್ನೇ.

ರೋಗ–ಕೀಟಗಳ ವಿಷಯದಲ್ಲೂ ಸಂಘ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿದೆ. ಹೊಸ ಪಿಡುಗು ಬಂದರೆ ನಿರ್ಧಾರ ಮಾಡುವ ಮೇಜಿನಲ್ಲಿ ಬೆಳೆಗಾರರಿಗೂ ಕುರ್ಚಿಯಿರುತ್ತದೆ, ಅದಕ್ಕೆ ಬದಲಾಗಿ ಖರ್ಚಿನಲ್ಲೂ ಪಾಲು ಹೊರಬೇಕು. ಇದಕ್ಕೆ ಹತ್ತಿರದ ಇನ್ನೊಂದು ಸಂಗತಿ ನಮ್ಮ ದೇಶಕ್ಕೂ ತಾಗುತ್ತದೆ. ಗುಜರಾತಿನ ಕಾಂಡ್ಲಾ ಬಂದರಿಗೆ ನ್ಯೂಜಿಲೆಂಡಿನ ಪೈನ್ ದಿಮ್ಮಿಗಳು ಬರುತ್ತಿದ್ದವು, ಅವುಗಳಲ್ಲಿನ ಕೀಟ ಸಾಯಿಸಲು ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿರಬೇಕೆಂಬುದು ಭಾರತದ ಷರತ್ತಾಗಿತ್ತು. ಓಝೋನ್ ಪದರವನ್ನು ಹಾಳುಮಾಡುವ ಆ ಅನಿಲ ಗಾಳಿಗೆ ಬಿಡುವಂತಿಲ್ಲ, ಹಿಡಿದಿಡಬೇಕು ಎಂದು ಅಲ್ಲಿನ ನಿಯಂತ್ರಣ ಪ್ರಾಧಿಕಾರ 2010ರಲ್ಲೇ ಹೇಳಿ ಹತ್ತು ವರ್ಷದ ಗಡುವು ಕೊಟ್ಟಿತ್ತು. ಬದಲಿ ಅನಿಲದ ಸಂಶೋಧನೆಗೆ ಉದ್ಯಮವು ಹಣ ಹಾಕಿತು, ಎರಡೂ ಸರ್ಕಾರಗಳ ನಡುವೆ ಮಾತುಕತೆಗೆ ಒತ್ತಾಯಿಸಿತು, ಆದರೂ ನಿಯಮ ಬಿಗಿಯಾದಂತೆ ಭಾರತದ ವ್ಯಾಪಾರ ಸೊರಗಿತು. ಹೊರದೇಶದ ನಿಯಮವನ್ನು ಸಂಘವೊಂದು ತಾನೇ ಬದಲಿಸಲಾರದು.

ಅತಿ ದೊಡ್ಡ ಸೋಲು ಎಂದರೆ ಗಿಸ್ಬರ್ನ್ ಪ್ರದೇಶದ್ದು. ಕಟಾವಿನ ನಂತರ ಗುಡ್ಡದಲ್ಲಿ ಉಳಿಯುವ ಕೊಂಬೆ, ತುದಿ, ಮುರಿದ ತುಂಡುಗಳನ್ನು ಅಲ್ಲಿ ‘ಸ್ಲ್ಯಾಶ್’ ಎನ್ನುತ್ತಾರೆ. 2018ರ ಜೂನ್ ಮಳೆಗೆ ಟೊಲಾಗಾ ಕೊಲ್ಲಿಯ ಮೇಲೂ, 2023ರ ಫೆಬ್ರುವರಿಯ ಗೇಬ್ರಿಯಲ್ ಚಂಡಮಾರುತದಲ್ಲಿ ಇನ್ನೂ ವಿಶಾಲವಾದ ಪ್ರದೇಶದ ಮೇಲೂ ಅದು ಹೊಳೆಗಳಲ್ಲಿ ಇಳಿದುಬಂದು ಸೇತುವೆ, ಬೇಲಿ, ಹೊಲ, ಕಡಲತೀರವನ್ನೆಲ್ಲ ಮುಚ್ಚಿತು. ಹೆಕಿಯಾ ಪರಾಟಾ ಅವರ ನೇತೃತ್ವದ ಸರ್ಕಾರಿ ವಿಚಾರಣಾ ಸಮಿತಿಯು ಅರಣ್ಯ ಉದ್ಯಮ ಆ ಪ್ರದೇಶದ ಜನರ ಸಮ್ಮತಿಯನ್ನೇ ಕಳೆದುಕೊಂಡಿದೆ ಎಂದು ಬರೆಯಿತು. ಸಂಘದ ಬಳಿ ಒಳ್ಳೆಯ ನಡವಳಿಕೆಯ ಕೈಪಿಡಿ ಹಿಂದಿನಿಂದಲೂ ಇತ್ತು. ಆದರೆ ಕಡಿದಾದ, ಸವೆಯುವ ಮಣ್ಣಿನ ಗುಡ್ಡದಲ್ಲಿ ಏಕಕಾಲಕ್ಕೆ ಎಷ್ಟು ಕಡಿಯಬೇಕೆಂದು ಸದಸ್ಯರಿಗೆ ತಾಕೀತು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಯಾರೋ ಕೆಲವರ ಗುಡ್ಡದಿಂದ ಇಳಿದ ಮರಕ್ಕೆ ದೇಶದ ಎಲ್ಲ ಬೆಳೆಗಾರರೂ ಬೈಸಿಕೊಂಡರು. ಆ ವಾರಗಳಲ್ಲಿ ನಮ್ಮ ಕಚೇರಿಗೆ ಬಂದ ಫೋನುಗಳಲ್ಲಿ ಅರ್ಧದಷ್ಟು, ಸಮತಟ್ಟು ನೆಲದಲ್ಲಿ ಹತ್ತು ಹೆಕ್ಟೇರ್ ಬೆಳೆದ ರೈತರು ‘ನಮ್ಮನ್ನೇಕೆ ಸೇರಿಸಿ ಬೈಯುತ್ತಿದ್ದಾರೆ’ ಎಂದು ಕೇಳುವಂಥವು.

ಸಣ್ಣವರ ಮಾತಿನ ಬಗ್ಗೆ ನಾನು ಕಂಡ ಒಂದು ಪ್ರಸಂಗ ಹೇಳಿಬಿಡುತ್ತೇನೆ. 1990ರ ದಶಕದಲ್ಲಿ ಎಲ್ಲರೂ ಪೈನ್ ನೆಡುತ್ತಿದ್ದಾಗ ತಾನೂ ನೆಟ್ಟಿದ್ದ ಕುರಿ ಸಾಕುವ ರೈತರೊಬ್ಬರ ತೋಪನ್ನು ನಾವು ಕಡಿಸಿಕೊಟ್ಟೆವು. ಪಟ್ಟಿ ನೋಡಿದ ಅವರು, ಲೆವಿಯ ಬಗ್ಗೆ ತಾನು ಎಂದೂ ಮತ ಹಾಕಿಲ್ಲವಲ್ಲ ಎಂದರು. ಮತಪತ್ರ ಬಂದಿದ್ದ ನೆನಪಿದೆಯೇ ಎಂದು ಕೇಳಿದೆ. ಬಂದಿತ್ತಂತೆ, ಮರ ಕಡಿಯಲು ಇನ್ನೂ ಬೇಕಾದಷ್ಟು ವರ್ಷವಿದೆಯೆಂದು ಬದಿಗಿಟ್ಟಿದ್ದರಂತೆ. ವರ್ಷಂಪ್ರತಿ ಕಡಿಯುವ ಕಂಪನಿಯವರು ಆರು ವರ್ಷಕ್ಕೊಮ್ಮೆ ತಪ್ಪದೆ ಮತ ಹಾಕುತ್ತಾರೆ. 28 ವರ್ಷಕ್ಕೊಮ್ಮೆ ಕಡಿಯುವವರಿಗೆ ಆ ಕಾಗದ ಬರುವ ಹೊತ್ತಿಗೆ ಮರ ಇನ್ನೂ ಮರವಾಗಿಯೇ ನಿಂತಿರುತ್ತದೆ, ಲೆಕ್ಕದ ಪಟ್ಟಿಯಾಗಿರುವುದಿಲ್ಲ. ನಿಮ್ಮ ಕಡೆ ಇಂಥ ಸಂಘ ಕಟ್ಟುವ ಮಾತು ಬಂದರೆ, ಮತವನ್ನು ತಲೆಗೆ ಎಣಿಸುತ್ತಾರೋ ಟನ್ನಿಗೆ ಎಣಿಸುತ್ತಾರೋ, ಮರ ಇನ್ನೂ ಬೆಳೆಯುತ್ತಿರುವವರಿಗೂ ಮತವಿದೆಯೋ, ಈ ಎರಡನ್ನು ಬೈಲಾದಲ್ಲಿ ಮೊದಲು ಓದಿ ನೋಡಿ.