ನೇಪಾಳದ ಹಳ್ಳಿಯಲ್ಲಿ ಏಟು ತಿಂದವಳಿಗೆ ನೆರವು

ಪ್ರಶ್ನೆ: ಆರೋಗ್ಯ ಶಿಬಿರದ ಸ್ವಯಂಸೇವಕಿಯಾಗಿ ನೇಪಾಳದ ಗುಡ್ಡಗಾಡು ಹಳ್ಳಿಗೆ ಹೋಗುತ್ತಿದ್ದೇನೆ. ಗಂಡನಿಂದ ಏಟು ತಿಂದ ಹೆಣ್ಣುಮಗಳು ಬಂದರೆ ಏನು ಮಾಡಲಿ?

ಉತ್ತರ: ಅವಳೊಬ್ಬಳನ್ನೇ ಮಾತನಾಡಿಸಿ. ಅತ್ತೆ ಪಕ್ಕದಲ್ಲಿದ್ದರೆ ‘ಜಾರಿ ಬಿದ್ದೆ’ ಎಂದೇ ಹೇಳುತ್ತಾಳೆ. ದುಭಾಷಿಯೂ ಅದೇ ಊರಿನವರು ಬೇಡ. ಗಂಡ ಕುತ್ತಿಗೆ ಹಿಸುಕಿದ್ದನೇ ಎಂದು ಕೇಳಲೇಬೇಕು. ಹೊರಗೆ ಗಾಯ ಕಾಣದಿದ್ದರೂ ಅದು ಪ್ರಾಣಾಪಾಯದ ಗುರುತು, ಆಸ್ಪತ್ರೆಗೆ ಕಳಿಸಿ. ಅತ್ಯಾಚಾರವಾಗಿದ್ದರೆ ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಗುಡ್ಡದ ದಾರಿಗೆ ಹಿಡಿಯುವ ಸಮಯವನ್ನೂ ಲೆಕ್ಕಕ್ಕಿಡಿ. ಹಲವು ಜಿಲ್ಲಾಸ್ಪತ್ರೆಗಳಲ್ಲಿ ಚಿಕಿತ್ಸೆ, ಆಪ್ತಸಲಹೆ, ಕಾನೂನು ನೆರವಿನ ದಾರಿ ಒಂದೇ ಕಡೆ ಸಿಗುವ ‘ಏಕದ್ವಾರ ಸಂಕಟ ವ್ಯವಸ್ಥಾಪನ ಕೇಂದ್ರ’ಗಳಿವೆ.

ಅಲ್ಲಿನ 2009ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಬಾಯಿಮಾತಿನ ದೂರೂ ನಡೆಯುತ್ತದೆ, ಬೇರೆಯವರೂ ಕೊಡಬಹುದು. ಆದರೆ 90 ದಿನದೊಳಗೆ. ರಾಷ್ಟ್ರೀಯ ಮಹಿಳಾ ಆಯೋಗದ ಸಹಾಯವಾಣಿ 1145. ಅವಳ ಫೋನಿನಿಂದ ಮಾಡಿದರೆ ಆ ನಂಬರು ಅಳಿಸಿಬಿಡಿ.

ಕೆಲಸ ಕೆಡುವುದು ಹೆಚ್ಚಾಗಿ ರಾಜಿಯಲ್ಲಿ. ಊರಿನ ಹಿರಿಯರು ‘ಹೊಂದಿಕೊಂಡು ಹೋಗಮ್ಮ’ ಎಂದು ಅದೇ ಮನೆಗೆ ಕಳಿಸುತ್ತಾರೆ. ಹಾಗಂತ ನೀವು ‘ಗಂಡನನ್ನು ಬಿಡು’ ಎಂದು ಒತ್ತಾಯಿಸಬೇಡಿ, ಮನೆ ಬಿಡುವ ಹೊತ್ತೇ ಅತಿ ಅಪಾಯದ್ದು. ತೀರ್ಮಾನ ಅವಳದೇ. ಹೊರಡುವುದಾದರೆ ಪೌರತ್ವ ಪತ್ರ (ಅಲ್ಲಿ ‘ನಾಗರಿಕತಾ’), ಮದುವೆ ನೋಂದಣಿ, ಮಕ್ಕಳ ಜನನಪತ್ರದ ನಕಲು, ಬಸ್ ಚಾರ್ಜು ಮೊದಲೇ ನಂಬಿಕಸ್ಥ ನೆರೆಯವಳ ಬಳಿ ಇರಲಿ.